ಮೂರು ಮೊಳ ನಾಲ್ಕು ಬೆರಳು

ಇಪ್ಪತ್ತೇಳು ಹೆಂಗಸರು ಕೂತಲ್ಲೇ ತಲೆ ಎತ್ತಿ ಎತ್ತಿ ಬರಿಯ ನೆಲವನ್ನು ನೋಡುವುದನ್ನು ನೀವು ಕಂಡಿರಲಿಕ್ಕಿಲ್ಲ. ಗುರುಶಿದ್ದ ಕಂಡ. 

ಧಾರವಾಡದ ಆ ಕಸೂತಿ ಸಂಘದ ಉದ್ದನೆಯ ಪಡಸಾಲೆ. ಮಧ್ಯಾಹ್ನ ಮೂರು ಗಂಟೆ. ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಸೀರೆ ಹರಡಿಕೊಂಡು ಎಲ್ಲರೂ ಎಳೆ ಎಣಿಸುತ್ತಿದ್ದರು. ಮೊದಲು ಮೂಲೆಯ ಫಕ್ಕೀರವ್ವ ತಲೆ ಎತ್ತಿದಳು. ಎದುರಿನ ನೆಲದ ಮೇಲೆ ಒಂದು ಜಾಗ ನೋಡಿದಳು. ಏಳು ಸೆಕೆಂಡು ನೋಡಿ ಮತ್ತೆ ಸೂಜಿಗೆ ಬಂದಳು. ಆಮೇಲೆ ಆಕೆಯ ಪಕ್ಕದವಳು. ಆಮೇಲೆ ಆಚೆ ಸಾಲಿನ ಇಬ್ಬರು. ಕವಾಯತಿನ ಹಾಗೆ ಒಟ್ಟಿಗೇ ಎತ್ತಿದ್ದರೆ ನಗಬಹುದಿತ್ತು. ಇದು ಹಾಗಲ್ಲ, ಒಬ್ಬರಾದ ಮೇಲೆ ಒಬ್ಬರು, ಯಾರೋ ಮೆಲ್ಲಗೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ ಹಾಗೆ. ಒಂದೂವರೆ ನಿಮಿಷಕ್ಕೆ ಮತ್ತೆ ಫಕ್ಕೀರವ್ವನ ಸರದಿ.

"ನೋಡಿದೇನಪಾ?" ಅಂದಳು ಸಾವಂತ್ರವ್ವ. ಸಂಘದ ಹಿರಿಯಳು, ಗುರುಶಿದ್ದನ ತಾಯಿಯ ಜೊತೆ ಮೂವತ್ತು ವರ್ಷ ಸೂಜಿ ಹಿಡಿದವಳು. "ತಿಂಗಳಾತು. ದಿನಾ ಹಿಂಗ."

ಅವನು ನೆಲ ನೋಡಿದ. ಆಗಲೇ ಅವನಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹೆಂಗಸರು ಕೂತ ರೀತಿಯೇ ಬದಲಾಗಿತ್ತು. ಮೊದಲು ಮೊಣಕಾಲಿಗೆ ಮೊಣಕಾಲು ತಾಗಿಸಿ ಹರಟುತ್ತಿದ್ದವರು ಈಗ ಸೊಟ್ಟಸೊಟ್ಟಗೆ ಕೂತಿದ್ದರು. ಪ್ರತಿಯೊಬ್ಬಳ ಎದುರಿಗೂ ಒಬ್ಬರು ಕೂರುವಷ್ಟು ಜಾಗ ಖಾಲಿ. ಒಂದೆರಡು ಕಡೆ ಆ ಜಾಗದಲ್ಲಿ ಚಾಪೆ ಹಾಸಿತ್ತು. ಒಂದು ಕಡೆ ಬಾಳೆಹಣ್ಣು, ಚಿಟಿಕೆ ವಿಭೂತಿ.

"ಇದ್ಯಾಕ್ರಿ ಹಣ್ಣು?"

"ಯಾರೋ ಕುಂತಾರ ಅಲ್ಲಿ," ಅಂದಳು ಫಕ್ಕೀರವ್ವ ಸೂಜಿ ನಿಲ್ಲಿಸದೆ. "ಕಾಣವಲ್ರು. ಆದರ ಕುಂತಾರ. ಬರಿಗೈಲೆ ಕುಂದ್ರಿಸೂದು ಚಲೋ ಅಲ್ಲ ನೋಡು."

ಯಾರೂ ನಗಲಿಲ್ಲ. ಗುರುಶಿದ್ದನಿಗೂ ನಗು ಬರಲಿಲ್ಲ. ಯಾಕೆಂದರೆ ಆ ಇಪ್ಪತ್ತೇಳು ಜೊತೆ ಕಣ್ಣುಗಳನ್ನು ಹೊಂದಿಸಿದವನು ಅವನೇ.

ಕಣ್ಣು ಹೊಂದಿಸುವುದು ಅಂದರೆ ಏನು ಅಂತ ಸ್ವಲ್ಪ ಹೇಳಿಬಿಡಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ನಮ್ಮ ಕಣ್ಣೊಳಗೆ ಒಂದು ಪುಟ್ಟ ಮಸೂರವಿದೆ. ಅದರ ಸುತ್ತ ಬಳೆಯ ಹಾಗೆ ಒಂದು ಸ್ನಾಯು. ಬಳೆಗೂ ಮಸೂರಕ್ಕೂ ನಡುವೆ ಸಣ್ಣ ಸಣ್ಣ ಎಳೆಗಳು. ದೂರ ನೋಡುವಾಗ ಸ್ನಾಯು ಆರಾಮವಾಗಿ ಅಗಲವಾಗಿರುತ್ತದೆ, ಎಳೆಗಳು ಬಿಗಿಯುತ್ತವೆ, ಮಸೂರ ಚಪ್ಪಟೆಯಾಗುತ್ತದೆ. ಹತ್ತಿರ ನೋಡುವಾಗ ಸ್ನಾಯು ಬಿಗಿದು ಬಳೆ ಕಿರಿದಾಗುತ್ತದೆ, ಎಳೆಗಳು ಸಡಿಲವಾಗುತ್ತವೆ, ಮಸೂರ ಉಬ್ಬುತ್ತದೆ. ಹತ್ತಿರದ್ದು ಕಾಣಬೇಕಾದರೆ ಎಳೆ ಸಡಿಲ ಬಿಡಬೇಕು, ಇಷ್ಟೇ. ನಲವತ್ತು ದಾಟಿದ ಮೇಲೆ ಮಸೂರ ಗಡುಸಾಗುತ್ತದೆ. ಎಳೆ ಎಷ್ಟು ಸಡಿಲ ಬಿಟ್ಟರೂ ಉಬ್ಬುವುದಿಲ್ಲ. ಆಗ ನಾವು ನೀವು ಪೇಪರನ್ನು ಮಾರುದ್ದ ಹಿಡಿದು ಓದುತ್ತೇವೆ. ಕಸೂತಿಯವಳಿಗೆ ಆ ಸೌಕರ್ಯ ಇಲ್ಲ. ಅವಳು ಬಟ್ಟೆಯ ಒಂದೊಂದು ಎಳೆ ಎಣಿಸಬೇಕು. ಕಣ್ಣು ಹೋದರೆ ಕಸುಬೇ ಹೋಯಿತು.

ಅಂಥವರಿಗಾಗಿ ಬಂದದ್ದು ಮಣಿ. ಹೆಸರು ಬೇರೆ ಇತ್ತು, ಉದ್ದನೆಯದು. ಹೆಂಗಸರು ಮಣಿ ಅಂದರು, ಅದೇ ಉಳಿಯಿತು. ಗಡುಸಾದ ಮಸೂರ ತೆಗೆದು ಅಲ್ಲಿ ಈ ಮೆತ್ತನೆಯ ಮಣಿ ಕೂರಿಸುತ್ತಾರೆ. ಸ್ನಾಯುವಿನ ಒಂದು ಸಣ್ಣ ಮಿಡಿತ ಸಾಕು, ಮಣಿ ತಾನೇ ಉಬ್ಬುತ್ತದೆ, ತಾನೇ ಚಪ್ಪಟೆಯಾಗುತ್ತದೆ. ವಯಸ್ಸಾದ ಸ್ನಾಯುವಿನ ಮಿಡಿತ ಅಸ್ಪಷ್ಟ. ಹಾಗಾಗಿ ಮಣಿ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಈ ಮನುಷ್ಯ ಎಷ್ಟು ದೂರಕ್ಕೆ, ಎಷ್ಟು ಹೊತ್ತಿಗೊಮ್ಮೆ ನೋಡುತ್ತಾನೆ ಎಂಬ ರೂಢಿಪಟ್ಟಿ. ಪಟ್ಟಿ ಪಳಗಲು ಎಂಟು ತಿಂಗಳು ಬೇಕು. ಅಲ್ಲಿಯವರೆಗೆ ತಲೆನೋವು, ವಾಂತಿ, ಕೆಲಸ ಬಂದ್.

ಎಂಟು ತಿಂಗಳು ಯಾರು ಕಾಯುತ್ತಾರೆ? ಗುರುಶಿದ್ದನೇ ಉಪಾಯ ಹೇಳಿದ್ದ: ಪಳಗಿದ ಪಟ್ಟಿಯೊಂದನ್ನು ಎಲ್ಲರ ಮಣಿಗೂ ನಕಲು ಮಾಡೋಣ. ಯಾರ ಪಟ್ಟಿ? ಧಾರವಾಡದಲ್ಲೇ ಮೊದಲು ಮಣಿ ಹಾಕಿಸಿಕೊಂಡವಳು, ಒಂಬತ್ತು ವರ್ಷ ಅದರಲ್ಲೇ ಕಸೂತಿ ಹಾಕಿದವಳು, ಎರಡು ವರ್ಷದ ಹಿಂದೆ ತೀರಿಕೊಂಡವಳು. ಶಿವಗಂಗವ್ವ. ಅವನ ಅವ್ವ.

ಪ್ರಯೋಗಾಲಯದಲ್ಲಿ ಉಳಿದಿದ್ದ ಅವಳ ಪಟ್ಟಿಯನ್ನು ನಕಲು ಮಾಡುವಾಗ ಹದಿನಾಲ್ಕನೆಯ ಸಾಲು ಅವನ ಕಣ್ಣಿಗೆ ಬಿದ್ದಿತ್ತು. ವಿಚಿತ್ರವಾದ ಸಾಲು. ಬೇರೆ ಯಾರಾದರೂ ಆಗಿದ್ದರೆ ಕಸ ಅಂತ ಕಿತ್ತೆಸೆಯುತ್ತಿದ್ದರು. ಇವನು ಕಸೂತಿಯವಳ ಮಗ. ಹಿರಿಯರ ಮಾದರಿಬಟ್ಟೆ ನೋಡಿ ಹಾಕುವಾಗ ಒಂದು ಎಳೆ ಆಚೀಚೆ ಮಾಡಕೂಡದು ಅಂತ ಬೈಸಿಕೊಂಡು ಬೆಳೆದವನು. ಅವರು ಬಿಟ್ಟ ಕಡೆ ಬಿಡಬೇಕು, ಹಿಡಿದ ಕಡೆ ಹಿಡಿಯಬೇಕು. ನಿನಗೆ ತಿಳಿಯಲಿಲ್ಲ ಅಂತ ಒಂದು ಹೊಲಿಗೆ ಬಿಟ್ಟರೆ ಮುಂದೆ ಹಾಕುವ ಗೋಪುರದ ಚಿತ್ತಾರ ವಾಲುತ್ತದೆ. ಇದ್ದದ್ದನ್ನು ಇದ್ದಂತೆ ನಕಲು ಮಾಡಿದ.

ಅದೇ ಆದ ತಪ್ಪು.

* * *

"ಹದಿನಾಲ್ಕನೇ ಸಾಲು ಏನದ ಇದು?" ಮರುದಿನ ಅವನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಡಾಕ್ಟರ್ ಇನಾಂದಾರ್ ಕೇಳಿದರು. ವತ್ಸಲಾ ಇನಾಂದಾರ್, ಅವನ ಮೇಲಿನವರು, ಕಡಕ್ ಮನುಷ್ಯರು. ಪರದೆಯ ಮೇಲೆ ಇಪ್ಪತ್ತೇಳು ಹೆಂಗಸರ ಮಣಿಗಳ ಗೆರೆ ಓಡುತ್ತಿತ್ತು.

ಗೆರೆ ಹೇಳುತ್ತಿದ್ದುದು ಇಷ್ಟು. ಹತ್ತಿರದ ಕೆಲಸ ಶುರುವಾಗಿ ಒಂದೂವರೆ ನಿಮಿಷವಾದ ಕೂಡಲೇ ಮಣಿ ಇದ್ದಕ್ಕಿದ್ದ ಹಾಗೆ ನೂರ ನಲವತ್ತೈದು ಸೆಂಟಿಮೀಟರಿಗೆ ಹಾರುತ್ತದೆ. ಕೈಯಲ್ಲಿನ ಬಟ್ಟೆ ಮಸುಕಾಗುತ್ತದೆ. ಬಟ್ಟೆ ಮಸುಕಾದರೆ ಮನುಷ್ಯ ತಾನಾಗಿ ತಲೆ ಎತ್ತುತ್ತಾನೆ, ಎಲ್ಲಿ ಚೊಕ್ಕ ಕಾಣುತ್ತದೋ ಅಲ್ಲಿಗೆ ಕಣ್ಣು ಹೋಗುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಮಣಿ ಒಂದೆರಡು ಬೆರಳು ಹಿಂದೆ, ಒಂದೆರಡು ಬೆರಳು ಮುಂದೆ ತಡಕುತ್ತದೆ. ಏಳು ಸೆಕೆಂಡು ತಡಕಿ ಸೋತು ಬಟ್ಟೆಗೆ ಮರಳುತ್ತದೆ.

"ಹುಡುಕ್ಲಿಕತ್ತದ ಇದು," ಅಂದರು ಇನಾಂದಾರ್. "ಏನನ್ನ?"

"ಗೊತ್ತಿಲ್ರಿ ಮೇಡಂ."

"ನಿಮ್ಮ ತಾಯಿಯವರದಲ್ಲ?"

"ಹೌದ್ರಿ. ಆದರೂ ಗೊತ್ತಿಲ್ರಿ."

ಹೇಳುವಾಗ ಅವನಿಗೆ ನಾಚಿಕೆಯಾಯಿತು. ಮೂವತ್ತೈದು ವರ್ಷ ಒಂದೇ ಸೂರಿನ ಕೆಳಗೆ ಇದ್ದವನು. ಅವ್ವ ದಿನಕ್ಕೆ ಮುನ್ನೂರು ಸಲ ಒಂದೇ ಜಾಗ ನೋಡುತ್ತಿದ್ದಳು ಅಂತ ಯಂತ್ರ ಹೇಳುತ್ತಿದೆ, ಇವನು ಒಂದು ಸಲವೂ ನೋಡಿಲ್ಲ. ಅವಳನ್ನು ಮಣ್ಣು ಮಾಡಿ ಎರಡು ವರ್ಷವಾಯಿತು. ಅವಳು ನೋಡುತ್ತಿದ್ದ ನೋಟ ಮಾತ್ರ ಊರಿನ ಇಪ್ಪತ್ತೇಳು ತಲೆಗಳಲ್ಲಿ ಕೂತು ಇನ್ನೂ ಯಾರನ್ನೋ ಹುಡುಕುತ್ತಿದೆ. ಮಣಿ ಭಯವನ್ನು ಸಾಗಿಸುವುದಿಲ್ಲ, ದುಃಖವನ್ನೂ ಸಾಗಿಸುವುದಿಲ್ಲ; ಅದಕ್ಕೆ ಗೊತ್ತಿರುವುದು ದೂರವೊಂದೇ. ಆದರೆ ದಿನವಿಡೀ ತಲೆ ಎತ್ತಿ ಖಾಲಿ ಜಾಗ ನೋಡಿದರೆ ಯಾರ ಎದೆ ಸುಮ್ಮನಿರುತ್ತದೆ? ಸಾವಂತ್ರವ್ವ ಹೇಳಿದ್ದಳು: "ಏನೋ ಕಳಕೊಂಡಂಗ ಅನಸ್ತೈತಿ ತಮ್ಮಾ. ಏನಂತ ತಿಳಿಯವಲ್ದು."

ಅಷ್ಟರಲ್ಲಿ ಫೋನು ಬಂತು. ಫಕ್ಕೀರವ್ವ ಮೊಬೈಲು ನೋಡುತ್ತ ರಸ್ತೆ ದಾಟುವಾಗ ಮಣಿ ಹಾರಿದೆ. ತಲೆ ಎತ್ತಿದ್ದಾಳೆ, ಮೂರು ಮೊಳದಾಚೆಗಿನದೆಲ್ಲ ಮಂಜು. ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ಬದುಕಿದಳು. ಮಂಡಿ ಒಡೆದಿದೆ.

ಇನಾಂದಾರ್ ಫೋನು ಇಟ್ಟು ಪರದೆಯ ಗೆರೆ ನಿಲ್ಲಿಸಿದರು. ಆಮೇಲೆ ಅಂದರು: "ನಾಳೆ ಸಂಜಿ ಒಳಗ ಎಲ್ಲಾರ್ದೂ ಅಳಸ್ರಿ. ಮೂಲಪಟ್ಟೀದೂ ಸೈತ. ಕೆಟ್ಟ ಸಾಲು ಒಂದ ಕಡೆ ಉಳದ್ರೂ ನಾಳೆ ಮತ್ಯಾರೋ ನಕಲು ಮಾಡ್ತಾರ."

"ಮೂಲ ಒಂದು ಇರಲಿ ಅಂತ..."

"ಗುರುಶಿದ್ದ, ಆಕಿ ಜೀವ ಹೋಗ್ತಿತ್ತು."

ಅವರು ಹೇಳಿದ್ದು ಸರಿಯೇ.  ನೂರ ನಲವತ್ತೈದು ಎಂಬ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಳ್ಳಬಹುದು, ಯಾರೂ ಬೇಡ ಅನ್ನುವುದಿಲ್ಲ. ಅಂಕಿ ಉಳಿಯುತ್ತದೆ. ನೋಟ ಉಳಿಯುವುದಿಲ್ಲ. ಅವ್ವ ಏನನ್ನು ಹುಡುಕುತ್ತಿದ್ದಳು ಅಂತ ತಿಳಿಯಲು ಅವನಿಗೆ ಇದ್ದದ್ದು ಒಂದು ಸಂಜೆ ಮಾತ್ರ.

* * *

ಮನೆಗೆ ಬಂದವನೇ ಚಹಾ ಕೂಡ ಕುಡಿಯದೆ ಅಟ್ಟದಿಂದ ಅವ್ವನ ಮಣೆ ಇಳಿಸಿದ. ನಡುಮನೆಯ ಕಿಟಕಿಯ ಕೆಳಗೆ, ಅವಳು ಹಾಕಿಕೊಳ್ಳುತ್ತಿದ್ದ ಕಡೆಗೇ ಹಾಕಿ ಕೂತ.

ಹೆಂಡತಿ ದಾನಮ್ಮ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದಳು. "ಏನ್ರೀ ಇದು? ಕಸೂತಿ ಕಲಿಯಾಕ ಕುಂತ್ರೇನು?"

"ಟೇಪ್ ಕೊಡು."

"ಯಾಕ?"

"ಕೊಡು ಅಂದ್ರ ಕೊಡಬಾರ್ದಾ?"

ಅವನ ಮುಖ ನೋಡಿ ಅವಳು ತಮಾಷೆ ಬಿಟ್ಟು ಹೊಲಿಗೆಯ ಟೇಪು ತಂದುಕೊಟ್ಟಳು. ಅವನು ಒಂದು ತುದಿಯನ್ನು ಹುಬ್ಬಿನ ಹತ್ತಿರ ಒತ್ತಿಕೊಂಡ. "ಹಿಡಕೊಂಡು ಹಿಂದ ಹೋಗು. ನೂರಾ ನಲವತ್ತೈದಕ್ಕ ನಿಲ್ಲು."

ಅವಳು ಹಿಂದೆ ಹಿಂದೆ ಹೋಗಿ ಫ್ರಿಜ್ಜಿನ ಮುಂದೆ ನಿಂತಳು. ಅವ್ವ ಆಗಿದ್ದರೆ ಮೂರು ಮೊಳ ನಾಲ್ಕು ಬೆರಳು ಅನ್ನುತ್ತಿದ್ದಳು. ಟೇಪು ಮುಟ್ಟಿದವಳಲ್ಲ ಅವಳು.

"ಇದನ್ನ ಅಳ್ಯಾಕೇನು? ಅತ್ತಿ ಇಲ್ಲಿಗೇ ನೋಡ್ತಿದ್ರು," ಅಂದಳು ದಾನಮ್ಮ.

ಗುರುಶಿದ್ದನ ಕೈಯಿಂದ ಟೇಪು ಜಾರಿತು. "ನಿನಗ ಗೊತ್ತಿತ್ತಾ?"

"ಗೊತ್ತಿರ್ದ ಏನು? ನಾಕ್ ಹೊಲಿಗಿ ಹಾಕೂದು, ಫ್ರಿಜ್ ಕಡೆ ನೋಡೂದು. ನಾಕ್ ಹೊಲಿಗಿ ಹಾಕೂದು, ಫ್ರಿಜ್ ಕಡೆ ನೋಡೂದು. ನಾ ಅಂದ್ಕೊಂಡಿದ್ದೆ, ಹಾಲು ಮೊಸರು ನೆನಪಾಗ್ತಾವೇನೋ ಅಂತ. ಒಂದ್ ಸಲ ಕೇಳೇಬಿಟ್ಟೆ, ಏನ್ ಬೇಕ್ರಿ ಅತ್ತಿ ಅಂತ. ಏನಿಲ್ಲವಾ, ರೂಢಿ, ಅಂದ್ರು."

ಫ್ರಿಜ್ ಬಂದದ್ದು ದಾನಮ್ಮ ಬಂದ ಮೇಲೆ. ಅದಕ್ಕೆ ಮೊದಲು ಅಲ್ಲಿ ಏನಿತ್ತು? ಅವನು ಎದ್ದು ಹೋಗಿ ನೆಲಕ್ಕೆ ಕೂತು ನೋಡಿದ. ಕಡಪಾ ಕಲ್ಲಿನ ಮೇಲೆ ರೂಪಾಯಿಯಷ್ಟಗಲದ ಎರಡು ತುಕ್ಕಿನ ಕಲೆ. ಎಷ್ಟು ತಿಕ್ಕಿದರೂ ಹೋಗಿಲ್ಲ ಅಂತ ದಾನಮ್ಮ ಬೈಯುತ್ತಿದ್ದ ಕಲೆಗಳೇ. ಇನ್ನೆರಡು ಫ್ರಿಜ್ಜಿನ ಕೆಳಗಿರಬೇಕು. ಒಟ್ಟು ನಾಲ್ಕು. ಒಂದು ಸಣ್ಣ ಕಬ್ಬಿಣದ ಮಂಚದ ನಾಲ್ಕು ಕಾಲು.

ಅಯ್ಯೋ, ತನ್ನದೇ ಮಂಚ.

ನಾಲ್ಕು ವರ್ಷದಿಂದ ಒಂಬತ್ತು ವರ್ಷದವರೆಗೆ ಅವನಿಗೆ ಫಿಟ್ಸ್ ಬರುತ್ತಿತ್ತು. ಬರುವಾಗ ಕೂಗು ಇಲ್ಲ, ಸದ್ದು ಇಲ್ಲ. ಮಲಗಿದಲ್ಲೇ ಕಣ್ಣು ಮೇಲೆ ಹೋಗಿ ತುಟಿ ನೀಲಿಯಾಗುತ್ತಿತ್ತು. ಕಿವಿಗೆ ಕೇಳದ ರೋಗ, ಕಣ್ಣಲ್ಲೇ ಕಾಯಬೇಕು. ಅಪ್ಪ ಮೊದಲೇ ಹೋಗಿದ್ದ. ಸೂಜಿ ನಿಂತರೆ ಒಲೆ ಹೊತ್ತುವುದಿಲ್ಲ. ಅವ್ವ ಮಂಚವನ್ನು ಎದುರಿಗೇ ಹಾಕಿಕೊಂಡು ನಾಲ್ಕು ಹೊಲಿಗೆಗೊಮ್ಮೆ ತಲೆ ಎತ್ತಿ, ಹುಡುಗನ ತುಟಿ ಕೆಂಪಗಿದೆ ಅಂತ ನೋಡಿ, ಮತ್ತೆ ಎಳೆ ಎಣಿಸುತ್ತಿದ್ದಳು. ಅರ್ಧ ಸೆಕೆಂಡಿನ ನೋಟ. ಐದು ವರ್ಷ ಹಾಗೆ.

ಒಂಬತ್ತಕ್ಕೆ ಫಿಟ್ಸ್ ನಿಂತಿತು. ನೋಟ ನಿಲ್ಲಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ, ಹತ್ತನೆಯ ಇಯತ್ತೆಯ ಪುಸ್ತಕ ಹಿಡಿದು ಅದೇ ಮಂಚದ ಮೇಲೆ ಕೂತಿದ್ದ ಒಂದು ಮಧ್ಯಾಹ್ನ ಅವನು ಸಿಡಿದಿದ್ದ. ಆಡಿದ ಒಂದೊಂದು ಮಾತೂ ಈಗ ಕಿವಿಯಲ್ಲಿ ಕೇಳುತ್ತಿದೆ.

"ಯಾವಾಗ ನೋಡಿದ್ರೂ ನನ್ನ ಮಾರೀನ ನೋಡ್ತಿಯಲ್ಲ? ನಾ ಏನ್ ಸಾಯಾಕತ್ತೀನಿ? ನಿನ್ನ ಕೆಲಸ ನೋಡ್ಕೋ!"

ಮಂಚವನ್ನು ತಾನೇ ದರದರ ಎಳೆದು ಹೊರಗಿನ ಕೋಣೆಗೆ ಹಾಕಿದ್ದ. ಅವ್ವ ಜಗಳವಾಡಲಿಲ್ಲ. "ಆತಪಾ. ಇನ್ನ ನೋಡೂದಿಲ್ಲ," ಅಂದಳು.

ಹೇಳಿದ ಹಾಗೆ ನಡೆದುಕೊಂಡಳು. ಅಂದಿನಿಂದ ಅವಳು ಅವನ ಕಡೆ ನೇರ ನೋಡಿದ್ದು ಅವನಿಗೆ ನೆನಪಿಲ್ಲ. ನೌಕರಿ ಸಿಕ್ಕಿತು ಅಂದಾಗಲೂ ಬಟ್ಟೆಯ ಮೇಲೆ ಕಣ್ಣಿಟ್ಟೇ "ಚಲೋ ಆತು" ಅಂದವಳು. ಒಳಗೊಳಗೇ ಅವನಿಗೆ ನೋವೂ ಆಗಿತ್ತು. ಎಷ್ಟು ಸುಲಭಕ್ಕೆ ಬಿಟ್ಟುಬಿಟ್ಟಳಲ್ಲ ಅಂತ. ಇಪ್ಪತ್ತು ವರ್ಷ ಹಾಗೇ ಅಂದುಕೊಂಡು ಇದ್ದ. ಬಿಟ್ಟದ್ದು ಎಲ್ಲಿ? ಅವನನ್ನು ನೋಡುವುದಿಲ್ಲ ಅಂತ ಮಾತು ಕೊಟ್ಟಿದ್ದಳು, ಅವನಿದ್ದ ಜಾಗವನ್ನು ನೋಡುವುದಿಲ್ಲ ಅಂತ ಕೊಟ್ಟಿರಲಿಲ್ಲ. ಆ ಜಾಗದಲ್ಲಿ ಅವನು ಇಲ್ಲದ ದಿನದಿಂದ ಅರ್ಧ ಸೆಕೆಂಡಿನ ನೋಟ ಏಳು ಸೆಕೆಂಡಿನದಾಯಿತು. ಐವತ್ತೊಂದನೆಯ ವಯಸ್ಸಿಗೆ ಮಣಿ ಬಂದಾಗ ಅದು ಪಾಪ ಏನು ಮಾಡೀತು, ಅವಳು ಕಲಿಸಿದ್ದನ್ನು ಕಲಿಯಿತು.

"ಯಾಕ್ರೀ?" ದಾನಮ್ಮ ಗಾಬರಿಯಾಗಿ ಕೇಳಿದಳು. ಅವನು ತುಕ್ಕಿನ ಕಲೆಯ ಮೇಲೆ ಅಂಗೈ ಇಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಒಳಗೆ ಒಗ್ಗರಣೆ ಸೀದುಹೋದ ವಾಸನೆ ಬಂತು, ಇಬ್ಬರೂ ಏಳಲಿಲ್ಲ.

* * *

ಮರುದಿನ ಬೆಳಿಗ್ಗೆ ಹತ್ತಕ್ಕೆ ಪಡಸಾಲೆಯಲ್ಲಿ ಅಳಿಸುವ ಕೆಲಸ ಶುರುವಾಯಿತು. ವಿಧಾನ ಸರಳ. ಮಣಿ ಹಾರುವ ದೂರಕ್ಕೆ ಸರಿಯಾಗಿ ಸ್ಟ್ಯಾಂಡಿನ ಮೇಲೆ ಅಕ್ಷರದ ಕಾರ್ಡ್ ಇಡಬೇಕು. ಹೆಂಗಸು ಕಸೂತಿ ಹಾಕುತ್ತಿರಬೇಕು. ಮೂರು ಸಲ ಮಣಿ ಹಾರಿ ಕಾರ್ಡ್ ಕಂಡು ಮರಳಿದರೆ ಆ ಸಾಲಿನ ಬೀಗ ಬಿಚ್ಚುತ್ತದೆ. ಆಗ ಕೈಯಲ್ಲಿನ ಯಂತ್ರದ ಗುಂಡಿ ಒತ್ತಿದರೆ ಆಯಿತು.

ಮೊದಲು ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದ ಫಕ್ಕೀರವ್ವ. ಗುಂಡಿ ಒತ್ತಿದ ಮೇಲೆ ಎರಡು ನಿಮಿಷ ಹೊಲಿದು, "ಹೋತು ನೋಡು! ಎದ್ದು ಹೋದ್ರು!" ಅಂತ ದೊಡ್ಡದಾಗಿ ಕೂಗಿದಳು. ಎಲ್ಲರೂ ನಕ್ಕರು. ತಿಂಗಳ ಮೇಲೆ ಆ ಪಡಸಾಲೆಯಲ್ಲಿ ನಗು ಕೇಳಿತು. ಒಬ್ಬೊಬ್ಬರದು ಮುಗಿದ ಹಾಗೆ ಚಾಪೆ ಎತ್ತಿದರು, ಬಾಳೆಹಣ್ಣು ಹಂಚಿ ತಿಂದರು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಗುರುಶಿದ್ದ ನಗಲಿಲ್ಲ. ಒಂದೊಂದು ಗುಂಡಿ ಒತ್ತುವಾಗಲೂ ಅವ್ವ ಒಂದೊಂದು ಕಣ್ಣು ಮುಚ್ಚುತ್ತಿದ್ದಾಳೆ ಅನ್ನಿಸುತ್ತಿತ್ತು. ಊಟದ ಹೊತ್ತಿಗೆ ಮೂಲಪಟ್ಟಿಯ ಸಾಲನ್ನೂ ಅಳಿಸಿಯಾಯಿತು ಅಂತ ಇನಾಂದಾರ್ ಫೋನು ಮಾಡಿ ಹೇಳಿದರು.

ನಾಲ್ಕು ಗಂಟೆಗೆ ಉಳಿದವಳು ಸಾವಂತ್ರವ್ವ ಒಬ್ಬಳು. ಲೋಕದಲ್ಲಿ ಆ ನೋಟ ಇನ್ನು ಅವಳ ಕಣ್ಣಲ್ಲಿ ಮಾತ್ರ ಇತ್ತು.

ಗುರುಶಿದ್ದ ಕಾರ್ಡಿನ ಸ್ಟ್ಯಾಂಡ್ ಎತ್ತಿ ಗೋಡೆಗೆ ಆನಿಸಿದ. ಆ ಜಾಗದಲ್ಲಿ ತಾನೇ ಚಕ್ಕಳಮಕ್ಕಳ ಹಾಕಿ ಕೂತ.

"ಕಾರ್ಡ್ ಬ್ಯಾಡೇನು?"

"ಬ್ಯಾಡ್ರಿ. ನಾನ ಕುಂದರ್ತೀನಿ."

ಸಾವಂತ್ರವ್ವ ಅವನನ್ನು ಒಮ್ಮೆ, ನೆಲವನ್ನು ಒಮ್ಮೆ ನೋಡಿದಳು. ಹಳೆಯ ಹೆಂಗಸು, ಶಿವಗಂಗವ್ವನ ನಡುಮನೆಯಲ್ಲಿ ಆ ಮಂಚ ಕಂಡವಳು. ಅವಳ ಸೂಜಿ ಒಂದು ಗಳಿಗೆ ನಿಂತಿತು. "ಅಯ್ಯ ಶಿವನ," ಅಂದಳು ಮೆಲ್ಲಗೆ. ಆಮೇಲೆ ಬಟ್ಟೆಗೆ ಬಾಗಿದಳು.

ಒಂದೂವರೆ ನಿಮಿಷವಾಯಿತು. ಅವಳ ತಲೆ ಮೇಲೆದ್ದಿತು. ಕಣ್ಣು ನೇರ ಬಂದು ಅವನ ಮುಖದ ಮೇಲೆ, ತುಟಿಯ ಮೇಲೆ ನಿಂತಿತು. ಅರ್ಧ ಸೆಕೆಂಡು. ತಡಕಾಟವಿಲ್ಲ. ಇದ್ದಾನೆ ಅಂತ ತಿಳಿದು ತಣ್ಣಗೆ ಮರಳಿತು.

 ಮುಖ ಸಾವಂತ್ರವ್ವನದು, ಕನ್ನಡಕದ ಹಳೆಯ ಗುರುತು ಅವಳ ಮೂಗಿನದು. ಆದರೆ ಆ ನೋಟ ಬಂದ ದೂರ, ಬಂದ ಹೊತ್ತು, ಮರಳಿದ ರೀತಿ, ಎಲ್ಲ ಗೊತ್ತಿದ್ದದ್ದು. ಅದನ್ನು ಅವನ ಚರ್ಮ ಗುರುತು ಹಿಡಿಯಿತು.

ಎರಡನೆಯ ಸಲ. ಮೂರನೆಯ ಸಲ. ಯಂತ್ರದಲ್ಲಿ ಹಸಿರು ದೀಪ ಹತ್ತಿತು. ಬೀಗ ಬಿಚ್ಚಿದೆ, ಒತ್ತು ಅಂತ. ಅವನು ಒತ್ತಲಿಲ್ಲ. ನಾಲ್ಕನೆಯ ಸಲವಾಯಿತು. ಒಂಬತ್ತನೆಯದೂ ಆಯಿತು. ಇದೊಂದು ಇರಲಿ, ಒಂದೇ ಒಂದು, ಯಾರಿಗೆ ಏನು ನಷ್ಟ ಅಂತ ಮನಸ್ಸು ಲೆಕ್ಕ ಹಾಕತೊಡಗಿತು. ಆಗ ಅತ್ತ ಕಡೆಯಿಂದ ಫಕ್ಕೀರವ್ವ ಕುಂಟುತ್ತ ಎದ್ದು ನೀರು ಕುಡಿಯಲು ಹೋದಳು. ಪಟ್ಟಿಯ ಮೇಲೆ ರಕ್ತದ ಚುಕ್ಕೆ ಇತ್ತು. ಸಂಜೆಗೆ ಸಾವಂತ್ರವ್ವನೂ ಅದೇ ರಸ್ತೆ ದಾಟಿ ಮನೆಗೆ ಹೋಗಬೇಕು.

ಹತ್ತನೆಯ ಸಲ ಅವಳು ತಲೆ ಎತ್ತಿದಾಗ ಗುರುಶಿದ್ದ ಬೆನ್ನು ನೆಟ್ಟಗೆ ಮಾಡಿ, ಮುಖ ಎತ್ತಿ, ಚೆನ್ನಾಗಿ ಕಾಣುವ ಹಾಗೆ ಕೂತ.

"ನೋಡವ್ವಾ," ಅಂದ. "ಆರಾಮ ಅದೀನಿ."

ಕಣ್ಣು ಬಟ್ಟೆಗೆ ಮರಳಿತು. ಅವನು ಗುಂಡಿ ಒತ್ತಿದ. ಹಸಿರು ದೀಪ ಆರಿತು.

ಒಂದೂವರೆ ನಿಮಿಷವಾಯಿತು. ಎರಡಾಯಿತು. ಮೂರು. ಸಾವಂತ್ರವ್ವನ ಸೂಜಿ ಎಳೆಯಿಂದ ಎಳೆಗೆ ಸರಾಗವಾಗಿ ಓಡುತ್ತಿತ್ತು.

"ಆತೇನಪಾ?" ಬಗ್ಗಿದ ತಲೆ ಎತ್ತದೆಯೇ ಕೇಳಿದಳು.

"ಆತ್ರಿ."

"ಮತ್ತ್ಯಾಕ ಅಲ್ಲೇ ಕುಂತಿ? ಏಳು, ಮನೀಗೆ ಹೋಗು. ದಾನಮ್ಮ ದಾರಿ ನೋಡ್ತಿರ್ತಾಳ."

"ಹೋಗ್ತೀನ್ರಿ. ಈ ಸಾಲು ಮುಗೀಲಿ."

ಅವನು ಮೂರು ಮೊಳ ನಾಲ್ಕು ಬೆರಳಿನಾಚೆ ಕಾಯುತ್ತ ಕೂತ. ಸಾಲು ಮುಗಿಯಿತು. ಸಾವಂತ್ರವ್ವ ಬಟ್ಟೆ ತಿರುವಿ, ಕಣ್ಣು ಅತ್ತಿತ್ತ ಮಾಡದೆ, ಮುಂದಿನ ಸಾಲು ಹಿಡಿದಳು.